ದಾವಣಗೆರೆಯ ಒಂದು ಬಾಕ್ಸಿಂಗ್ ಕ್ಲಾಸ್: ಬುನಾದಿಗೆ ಸೇರಿ, ಬೋರ್ಡ್ ನಂಬಬೇಡಿ

ದಾವಣಗೆರೆಯಲ್ಲಿ ಹಳೇ ಹತ್ತಿ ಗೋಡೌನ್ ಒಂದರೊಳಗೆ ನಡೆಯುವ ಬಾಕ್ಸಿಂಗ್ ಕ್ಲಾಸಿನ ವಿಮರ್ಶೆ ಇದು. ಹೆಸರು ಬೇಕಂತಲೇ ಹಾಕಿಲ್ಲ. ಬಾಗಿಲ ಮೇಲಿನ ಬೋರ್ಡಿನಲ್ಲಿ ಎರಡು ಸಾಲಿವೆ. ಮೇಲೆ ‘ಬಾಕ್ಸಿಂಗ್ ತರಬೇತಿ’, ಕೆಳಗೆ ಅದಕ್ಕಿಂತ ದಪ್ಪ ಅಕ್ಷರದಲ್ಲಿ ‘ಪ್ರೊಫೆಷನಲ್ ಬಾಕ್ಸರ್ ಆಗಿ’. ಮೊದಲ ಸಾಲಿನ ಮಟ್ಟಿಗೆ ಕ್ಲಾಸ್ ಚೆನ್ನಾಗಿದೆ, ತಿಂಗಳಿಗೆ 1,200 ರೂಪಾಯಿ ಕೊಟ್ಟರೆ ಮೋಸವಿಲ್ಲ. ಎರಡನೇ ಸಾಲಿಗೆ ಮೂರು ತಿಂಗಳ ‘ಪ್ರೊ ಕೋರ್ಸ್’ ಅಂತ 9,000 ಕೇಳುತ್ತಾರೆ. ಅದನ್ನು ಕೊಡಬೇಡಿ.

ಇಲ್ಲಿನ ಕೋಚ್ ಕೈಗಿಂತ ಮೊದಲು ಕಾಲು ನೋಡುತ್ತಾರೆ. ಹೊಸಬರಿಗೆ ಮೊದಲ ಎರಡು ವಾರ ಗ್ಲೌಸ್ ಇಲ್ಲ. ನೆಲಕ್ಕೆ ಅಂಟಿಸಿದ ಬಿಳಿ ಟೇಪಿನ ಆಚೆ ಈಚೆ ಒಂದೊಂದು ಪಾದ, ನಡುವೆ ಭುಜದಗಲ ಜಾಗ, ಹಿಂದಿನ ಹಿಮ್ಮಡಿ ಸ್ವಲ್ಪ ಮೇಲೆ. ಮುಂದೆ ಹೋಗುವಾಗ ಮುಂದಿನ ಕಾಲು ಮೊದಲು, ಹಿಂದೆ ಸರಿಯುವಾಗ ಹಿಂದಿನದು ಮೊದಲು, ಎಡಕ್ಕೆ ಹೋದರೆ ಎಡಗಾಲು, ಬಲಕ್ಕೆ ಬಲಗಾಲು. ಎರಡು ಪಾದ ಕೂಡಬಾರದು, ಒಂದನ್ನೊಂದು ದಾಟಬಾರದು. ಪಾದ ಕೂಡಿದ ಗಳಿಗೆಯಲ್ಲಿ ಸಣ್ಣ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ತಗುಲಿದರೂ ನೆಲಕ್ಕೆ ಕೂರುವುದೇ. ಇದು ಬೇಜಾರಿನ ಕೆಲಸ, ಅರ್ಧ ಹುಡುಗರು ಇಲ್ಲೇ ಬಿಟ್ಟು ಹೋಗುತ್ತಾರೆ. ಆದರೂ ಕೋಚ್ ಇದನ್ನು ಕಡಿಮೆ ಮಾಡಿಲ್ಲ, ಅದು ಒಳ್ಳೆಯ ಲಕ್ಷಣ.

ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದ ಊರು ಇದು, ಹಾಗಾಗಿ ಗರಡಿಯಲ್ಲಿ ಸಾಮು ಮಾಡಿದ ಹುಡುಗರು ಬರುತ್ತಲೇ ಇರುತ್ತಾರೆ. ಅವರ ಕುತ್ತಿಗೆ, ಸೊಂಟ, ದಮ್ಮು ಮೊದಲೇ ತಯಾರಾಗಿರುತ್ತದೆ. ತೊಂದರೆ ಇರುವುದು ನಿಲುವಿನಲ್ಲಿ. ಪೈಲ್ವಾನನ ಕಾಲು ಅಗಲ, ಮೈ ಮುಂದಕ್ಕೆ ಬಾಗಿ, ತಲೆ ಮುಂದೆ, ಕೈ ಕೆಳಗೆ. ಎದುರಾಳಿಯ ಕಾಲಿಗೆ ಕೈ ಹಾಕಲು ಅದು ಸರಿ, ಬಾಕ್ಸಿಂಗ್‌ನಲ್ಲಿ ಅದೇ ಅಪ್ಪರ್‌ಕಟ್‌ಗೆ, ಅಂದರೆ ಕೆಳಗಿನಿಂದ ಮೇಲಕ್ಕೆ ಬರುವ ಹೊಡೆತಕ್ಕೆ, ಆಹ್ವಾನ. ಇಂಥವರಿಗೆ ಕೋಚ್ ಮೊದಲು ಮಾಡಿಸುವುದು ಒಂದೇ ಕೆಲಸ: ಎದೆ ಎತ್ತರಕ್ಕೆ ಅಡ್ಡ ಹಗ್ಗ ಕಟ್ಟಿ, ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ ಅದರ ಕೆಳಗೆ ಎಡಕ್ಕೂ ಬಲಕ್ಕೂ ನುಸುಳುತ್ತಾ ಮುಂದೆ ಹೋಗುವುದು. ಬಸ್ಕಿ ಹೊಡೆದ ತೊಡೆಗೆ ಇದು ಬೇಗ ಹತ್ತುತ್ತದೆ.

ಗ್ಲೌಸ್ ಹಾಕುವ ಮೊದಲು ಕೈಗೆ ಬ್ಯಾಂಡೇಜ್ ಸುತ್ತುವುದನ್ನು ಇಲ್ಲಿ ಕಲಿಸುವಷ್ಟು ಅಚ್ಚುಕಟ್ಟಾಗಿ ದೊಡ್ಡ ಊರಿನ ಎಷ್ಟೋ ಜಿಮ್‌ಗಳಲ್ಲೂ ಕಲಿಸುವುದಿಲ್ಲ. 4.5 ಮೀಟರಿನದು ತೆಗೆದುಕೊಳ್ಳಿ, ಸಣ್ಣ ಕೈಯ ಮಕ್ಕಳಿಗೆ ಮಾತ್ರ ಅದಕ್ಕಿಂತ ಗಿಡ್ಡದು. ಬೆರಳು ಅಗಲಿಸಿ ಹಿಡಿದು, ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ, ಕೈಯ ಹಿಂಬದಿಯಿಂದ ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿನ ಮೇಲೆ ಮೂರು ಸುತ್ತು. ಆಮೇಲೆ ಕಿರುಬೆರಳಿನ ಕಡೆಯಿಂದ ಒಂದೊಂದೇ ಸಂದಿಯಲ್ಲಿ ತೂರಿಸಿ ಪ್ರತಿ ಸಲ ಮಣಿಕಟ್ಟಿಗೆ ವಾಪಸ್, ಹೆಬ್ಬೆರಳಿಗೆ ಒಂದು ಸುತ್ತು, ಉಳಿದದ್ದೆಲ್ಲ ಗೆಣ್ಣು ಮತ್ತು ಮಣಿಕಟ್ಟಿಗೆ. ತಪ್ಪಾಗುವುದು ಎರಡು ಕಡೆ. ಬೆರಳು ಕೂಡಿಸಿ ಹಿಡಿದು ಸುತ್ತಿದರೆ ಮುಷ್ಟಿ ಕಟ್ಟಿದಾಗ ರಕ್ತ ನಿಂತು ಬೆರಳು ಜೋಮು ಹಿಡಿಯುತ್ತದೆ. ಗೆಣ್ಣಿಗೇ ಪೂರ್ತಿ ಖರ್ಚು ಮಾಡಿ ಮಣಿಕಟ್ಟಿಗೆ ಒಂದೇ ಸುತ್ತು ಉಳಿಸಿದರೆ ತೂಗುಬ್ಯಾಗಿಗೆ ಹುಕ್ (ಪಕ್ಕದಿಂದ ಬಾಗಿ ಬರುವ ಹೊಡೆತ) ಹೊಡೆದಾಗ ಕೈ ಮಡಚುತ್ತದೆ. ಅಡ್ಡಾದಿಡ್ಡಿ ಹೊಡೆತ ಕಿರುಬೆರಳಿನ ಗೆಣ್ಣಿಗೆ ಬಿದ್ದರೆ ಅದರ ಹಿಂದಿನ ಅಂಗೈ ಮೂಳೆಯೇ ಮುರಿಯುವುದು. ವೈದ್ಯರು ಅದಕ್ಕೆ ಬಾಕ್ಸರನ ಹೆಸರನ್ನೇ ಇಟ್ಟಿದ್ದಾರೆ, ನಿಜವಾಗಿ ಗೋಡೆಗೆ ಗುದ್ದುವವರಿಗೇ ಅದು ಹೆಚ್ಚು. ಹೊಡೆತ ಕೂರಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣಿನ ಮೇಲೆ.

ಕೋಚ್ ಕೈಗೆ ತೊಟ್ಟ ಮೆತ್ತೆಗೆ ಹೊಡೆಯುವ ಪ್ಯಾಡ್ ಕೆಲಸವೂ ಅಷ್ಟೇ ಶಿಸ್ತಿನದು. ಕೆಲವು ಕೋಚ್‌ಗಳು ಜೋರು ಸದ್ದು ಬರಲಿ ಎಂದು ಪ್ಯಾಡನ್ನೇ ಮುಷ್ಟಿಗೆ ತಂದು ಬಡಿಯುತ್ತಾರೆ. ಹುಡುಗನಿಗೆ ಖುಷಿ, ವಿಡಿಯೋಗೂ ಚೆಂದ, ದೂರದ ಅಂದಾಜು ಮಾತ್ರ ಹಾಳು. ಇಲ್ಲಿ ಪ್ಯಾಡ್ ಗಲ್ಲದ ಎತ್ತರದಲ್ಲಿ ನಿಂತಲ್ಲೇ ನಿಲ್ಲುತ್ತದೆ. ಜ್ಯಾಬ್ ಹಾಕಿದ ಕೈ ಕೆನ್ನೆಗೆ ಬರದೆ ಎದೆಯ ಕಡೆ ಇಳಿದರೆ, ಅದೇ ಪ್ಯಾಡ್ ಬಂದು ಕಿವಿಯ ಮೇಲೆ ಮೆತ್ತಗೆ ಕೂರುತ್ತದೆ. ‘ಕೈ ಎಲ್ಲಿಗೆ ವಾಪಸ್ ಬರಬೇಕಪ್ಪಾ?’ ಎಂಬುದೊಂದೇ ಮಾತು. ಒಂದು ಸಂಜೆಯಲ್ಲಿ ಅದನ್ನು ಎಷ್ಟು ಸಲ ಕೇಳಬಹುದೋ ಲೆಕ್ಕವಿಲ್ಲ.

ಇನ್ನು ಸಾಮಾನು. ತೂಗುಬ್ಯಾಗ್‌ಗಳಲ್ಲಿ ಒಂದೆರಡಕ್ಕೆ ಮರಳು ತುಂಬಿದ್ದಾರೆ, ಮುಖ್ಯ ದೂರು ಅದೇ. ಮರಳು ಹೊಡೆತ ಬಿದ್ದಷ್ಟೂ ಕೆಳಗೆ ಇಳಿಯುತ್ತದೆ. ಮೇಲ್ಭಾಗ ಮಂಡಕ್ಕಿ ಚೀಲದಷ್ಟು ಹಗುರ, ಹೊಟ್ಟೆಯ ಎತ್ತರದಿಂದ ಕೆಳಗೆ ಬರೀ ಕಲ್ಲು. ಮೈಗೆ ಹೊಡೆಯುವ ಹುಕ್ ಅಭ್ಯಾಸ ಮಾಡುವುದು ಸರಿಯಾಗಿ ಆ ಎತ್ತರದಲ್ಲೇ, ಮಣಿಕಟ್ಟು ನೋವು ಬರುವುದೂ ಅಲ್ಲಿಂದಲೇ. ಪರಿಹಾರ ಕಷ್ಟದ್ದಲ್ಲ. ಟೈಲರ್ ಅಂಗಡಿಯ ಚಿಂದಿ ಬಟ್ಟೆಯನ್ನು ಗುಂಡಿ, ಜಿಪ್ಪು ತೆಗೆದು, ಸಣ್ಣಗೆ ಕತ್ತರಿಸಿ, ಒಂದೊಂದು ಗೇಣು ತುಂಬಿದಾಗಲೂ ಕೋಲಿನಿಂದ ಜಡಿದು ತುಂಬಬೇಕು. ತೂಕ ಇನ್ನೂ ಬೇಕಿದ್ದರೆ ಸಣ್ಣ ಮರಳಿನ ಪೊಟ್ಟಣ ಕಟ್ಟಿ ಬ್ಯಾಗಿನ ನಡುಮಧ್ಯೆ, ಸುತ್ತ ಬಟ್ಟೆ ಇರುವಂತೆ ಕೂರಿಸಬೇಕು. ಬ್ಯಾಗಿನ ತೂಕ ಹೊಡೆಯುವವನ ತೂಕದ ಅರ್ಧದಷ್ಟಿದ್ದರೆ ಸಾಕು. ಕೆಲವು ತಿಂಗಳಿಗೊಮ್ಮೆ ಇಳಿಸಿ, ಕುಲುಕಿ, ಕುಗ್ಗಿದ ಜಾಗಕ್ಕೆ ಮತ್ತೆ ತುಂಬಬೇಕು. ಬಟ್ಟೆ ವ್ಯಾಪಾರವೇ ಇಷ್ಟಿರುವ ಊರಿನಲ್ಲಿ ಮರಳು ಯಾಕೋ ಗೊತ್ತಿಲ್ಲ.

ಕ್ಲಾಸಿನ ಗ್ಲೌಸ್ ಬಳಸಬೇಡಿ, ಸ್ವಂತದ್ದು ಇಟ್ಟುಕೊಳ್ಳಿ. ಒಳಗಿನ ಬೆವರು ಒಣಗದೆ ಮುಗ್ಗುಲು ವಾಸನೆ ಹೊಡೆಯುತ್ತದೆ, ಚರ್ಮಕ್ಕೆ ಹುಳುಕಡ್ಡಿ ಬರುತ್ತದೆ. ಬ್ಯಾಗಿಗೆ 12 ಔನ್ಸ್, ಅಂದರೆ ಒಂದು ಗ್ಲೌಸ್ ಸುಮಾರು 340 ಗ್ರಾಂ. ಬ್ಯಾಂಡೇಜ್ ಕಟ್ಟಿಕೊಂಡೇ ಹಾಕಿ ನೋಡಿ, ಬರಿಗೈಗೆ ಸರಿಹೋದದ್ದು ಬ್ಯಾಂಡೇಜ್ ಮೇಲೆ ಬಿಗಿಯಾಗುತ್ತದೆ. ಗೆಣ್ಣಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಒಳಗಿನ ಮೂಳೆ ಕೈಗೆ ಸಿಕ್ಕರೆ ಆ ಜೊತೆ ಬೇಡ. ಮನೆಗೆ ಬಂದ ಕೂಡಲೇ ಗ್ಲೌಸಿನ ಬಾಯಿ ಅಗಲಿಸಿ ಹಳೇ ಪೇಪರ್ ತುರುಕಿ ನೆರಳಿನ ಗಾಳಿಗೆ ಇಡಿ. ಏಪ್ರಿಲ್ ಬಿಸಿಲಿಗೆ ಇಟ್ಟರೆ ರೆಕ್ಸಿನ್ ಬಿರಿಯುತ್ತದೆ.

ರಿಂಗ್ ಅಂತ ಇರುವುದು ನೆಲದ ಮೇಲೇ ಕಟ್ಟಿದ್ದು, ಹಗ್ಗದೊಳಗೆ ಸುಮಾರು 14 ಅಡಿ. ಅಮೆಚೂರ್ (ಹಣಕ್ಕಲ್ಲದ, ಒಲಿಂಪಿಕ್ಸ್ ಮಾದರಿಯ) ಸ್ಪರ್ಧೆಯ ರಿಂಗ್ ಹಗ್ಗದೊಳಗೆ 6.1 ಮೀಟರ್, ಅಂದರೆ 20 ಅಡಿ. ಪ್ರೊ ರಿಂಗ್ 16ರಿಂದ 24 ಅಡಿಯವರೆಗೂ ಇರುತ್ತದೆ. ಸಣ್ಣ ರಿಂಗಿನಲ್ಲಿ ಎರಡು ಹೆಜ್ಜೆಗೆ ಎದುರಾಳಿ ಸಿಗುತ್ತಾನೆ, ಹಾಗಾಗಿ ದಾರಿ ಕಟ್ಟಿ ಮೂಲೆಗೆ ತಳ್ಳುವ ವಿದ್ಯೆ ಬೆಳೆಯುವುದೇ ಇಲ್ಲ. ನಿಂತಲ್ಲಿ ಹೊಡೆದಾಡುವ ಚಟ ಬೆಳೆಯುತ್ತದೆ. ಅದಕ್ಕಿಂತ ಗಂಭೀರವಾದದ್ದು ನೆಲ. ತೆಳು ಮ್ಯಾಟ್‌ನ ಕೆಳಗೆ ನೇರ ಸಿಮೆಂಟು. ಕಣಕಾಲು ನೋವು ಹೋಗಲಿ, ಬಿದ್ದವನ ಹಿಂದಲೆ ಬಡಿಯುವುದು ಅದಕ್ಕೇ. ಹೊಡೆತಕ್ಕಿಂತ ಆ ಎರಡನೇ ಪೆಟ್ಟು ಅಪಾಯದ್ದು. ಪ್ಲೈವುಡ್ ಹಾಸಿ, ಮೇಲೆ ಒಂದೂವರೆ, ಎರಡು ಸೆಂಟಿಮೀಟರ್ ಗಟ್ಟಿ ಫೋಮ್, ಅದರ ಮೇಲೆ ಕ್ಯಾನ್ವಾಸ್ ಬಿಗಿಯುವವರೆಗೆ ಇಲ್ಲಿ ಸ್ಪಾರಿಂಗ್ (ಅಭ್ಯಾಸದ ಗುದ್ದಾಟ) ಮಾಡಿಸಲೇಬಾರದು.

ಸ್ಪಾರಿಂಗ್ ಶನಿವಾರ. ಎಲ್ಲರಿಗೂ 12 ಔನ್ಸ್ ಗ್ಲೌಸ್, 16 ಔನ್ಸ್‌ನ ಜೊತೆಗಳು ಎಲ್ಲರಿಗೂ ಸಾಲುವಷ್ಟಿಲ್ಲ ಎಂಬ ಕಾರಣಕ್ಕೆ. ಅಭ್ಯಾಸದ ಗುದ್ದಾಟಕ್ಕೆ ದೊಡ್ಡವರಿಗೆ 16, ಸಣ್ಣ ತೂಕದವರಿಗೆ 14 ಇರಲೇಬೇಕು. ಜೋಡಿ ಕಟ್ಟುವಾಗ ತೂಕವನ್ನು ಕಣ್ಣಂದಾಜಿನಲ್ಲಿ ನೋಡುತ್ತಾರೆ, ತಕ್ಕಡಿ ಮೂಲೆಯಲ್ಲಿ ಧೂಳು ಹಿಡಿದಿದೆ. ಹೆಡ್‌ಗಾರ್ಡ್ ಇದೆಯಲ್ಲ ಎಂಬ ಸಮಾಧಾನ ಬೇಡ. ಅದು ಹುಬ್ಬು ಸೀಳುವುದನ್ನು, ಕಿವಿ ಊದುವುದನ್ನು ತಡೆಯುತ್ತದೆ, ತಲೆಬುರುಡೆಯೊಳಗೆ ಮೆದುಳು ಅಲುಗುವುದನ್ನು ತಡೆಯುವುದಿಲ್ಲ. ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗಂಡಸರ ಹೆಡ್‌ಗಾರ್ಡನ್ನು 2013ರಲ್ಲೇ ತೆಗೆದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗಂಡಸರು ಬರಿತಲೆಯಲ್ಲೇ ಆಡಿದರು. ತಲೆಗೆ ಪೆಟ್ಟು ಬಿದ್ದು ನಾಕೌಟ್ ಆದವನಿಗೆ ಅಮೆಚೂರ್ ನಿಯಮದಲ್ಲಿ ಕನಿಷ್ಠ 30 ದಿನ ಸ್ಪರ್ಧೆಯೂ ಇಲ್ಲ, ಸ್ಪಾರಿಂಗೂ ಇಲ್ಲ. ಇಲ್ಲಿ ಅಂಥದ್ದನ್ನು ಬರೆದಿಡುವ ಪುಸ್ತಕವೇ ಇಲ್ಲ. ಪೆಟ್ಟು ತಿಂದ ಹುಡುಗ ಮನೆಯಲ್ಲಿ ಕೇಳಿದ್ದನ್ನೇ ಮತ್ತೆ ಕೇಳಿದರೆ, ವಾಂತಿ ಮಾಡಿದರೆ, ಲೈಟು ಕಣ್ಣಿಗೆ ಚುಚ್ಚುತ್ತದೆ ಅಂದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ಆ 9,000 ರೂಪಾಯಿಯ ಕೋರ್ಸ್. ಅದರಲ್ಲಿ ಹೆಚ್ಚಿಗೆ ಸಿಗುವುದು ಬೆಳಗಿನ ಓಟ, ಒಂದು ಡಯಟ್ ಚಾರ್ಟ್, ಕೊನೆಗೆ ಒಂದು ಸರ್ಟಿಫಿಕೇಟ್. ಪ್ರೊಫೆಷನಲ್ ಬಾಕ್ಸರನ ಬದುಕು ಸರ್ಟಿಫಿಕೇಟಿನಿಂದ ಶುರುವಾಗುವುದಿಲ್ಲ. ವಿಜೇಂದರ್ ಸಿಂಗ್ ಅವರ ದಾರಿ ನೋಡಿ. ಭಿವಾನಿ ಹತ್ತಿರದ ಕಾಲುವಾಸ್ ಹಳ್ಳಿಯವರು, ತಂದೆ ಹರಿಯಾಣ ರೋಡ್‌ವೇಸ್ ಬಸ್ ಡ್ರೈವರ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 75 ಕೆ.ಜಿ. ವಿಭಾಗದ ಕಂಚು, 2009ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಇಷ್ಟೆಲ್ಲ ಆದ ಮೇಲೆ, 29ನೇ ವಯಸ್ಸಿನಲ್ಲಿ ಪ್ರೊ ಆದರು. ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ವಿಜೇಂದರ್ ತರಬೇತಿಗೆ ಹೋದದ್ದು ಅಸಲಿ ಮ್ಯಾಂಚೆಸ್ಟರಿಗೆ. 2015ರ ಅಕ್ಟೋಬರ್ 10ರಂದು ಅಲ್ಲೇ ಮೊದಲ ಪಂದ್ಯ, ಅದೂ ನಾಲ್ಕು ರೌಂಡಿನದು. ಒಲಿಂಪಿಕ್ ಪದಕ ಇದ್ದವರೂ ನಾಲ್ಕು ರೌಂಡಿನಿಂದಲೇ ಶುರು ಮಾಡಬೇಕಾಯಿತು. ಹತ್ತು ರೌಂಡ್ ಆಡಿ ವಿಶ್ವ ಬಾಕ್ಸಿಂಗ್ ಸಂಸ್ಥೆಯ (ಡಬ್ಲ್ಯುಬಿಒ) ಏಷ್ಯಾ ಪೆಸಿಫಿಕ್ ಪಟ್ಟ ಗೆದ್ದದ್ದು 2016ರ ಜುಲೈ 16ರಂದು, ದೆಹಲಿಯಲ್ಲಿ ಕೆರ‍್ರಿ ಹೋಪ್ ವಿರುದ್ಧ. ಸತತ 12 ಗೆಲುವಿನ ನಂತರ ಮೊದಲ ಸೋಲು 2021ರ ಮಾರ್ಚ್‌ನಲ್ಲಿ, ಗೋವಾದ ಕ್ಯಾಸಿನೊ ಹಡಗಿನ ಮೇಲೆ.

ಅಮೆಚೂರ್ ಪಂದ್ಯ ಮೂರು ನಿಮಿಷದ ಮೂರು ರೌಂಡ್, ಒಟ್ಟು ಒಂಬತ್ತು ನಿಮಿಷ. ಪ್ರೊದಲ್ಲಿ ನಾಲ್ಕು, ಆರು, ಎಂಟು, ಹತ್ತು ಅಂತ ಏರಿ 12ಕ್ಕೆ ಹೋದರೆ 36 ನಿಮಿಷ. 15 ರೌಂಡ್ ಇದ್ದದ್ದು 12ಕ್ಕೆ ಇಳಿದದ್ದು 1982ರಲ್ಲಿ ರೇ ಮನ್ಸಿನಿ ಜೊತೆಗಿನ ಪಂದ್ಯದ ನಂತರ ಕೊರಿಯಾದ ಡುಕ್ ಕೂ ಕಿಮ್ ತೀರಿಕೊಂಡ ಮೇಲೆ. ಗ್ಲೌಸೂ ಚಿಕ್ಕದು: ವೆಲ್ಟರ್‌ವೇಟ್‌ವರೆಗೆ (ಸುಮಾರು 66.7 ಕೆ.ಜಿ.) 8 ಔನ್ಸ್, ಮೇಲಿನ ತೂಕಕ್ಕೆ 10. ವೆಲ್ಕ್ರೊ ಬ್ಯಾಂಡೇಜ್ ನಡೆಯುವುದಿಲ್ಲ, ಗಾಜ್ (ಗಾಯಕ್ಕೆ ಸುತ್ತುವ ತೆಳು ಬಟ್ಟೆ) ಮತ್ತು ಟೇಪಿನಿಂದ ಕೈ ಕಟ್ಟಬೇಕು, ಎದುರು ಪಾಳಯದವನು ನಿಂತು ನೋಡುತ್ತಾನೆ, ಇನ್‌ಸ್ಪೆಕ್ಟರ್ ಅದರ ಮೇಲೆ ಸಹಿ ಹಾಕುತ್ತಾನೆ. ಲೈಸೆನ್ಸಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆ, ಕಣ್ಣು, ಇಸಿಜಿ, ಮೆದುಳಿನ ಸ್ಕ್ಯಾನ್ ಕೇಳುವುದು ಸಾಮಾನ್ಯ. ಹಣದ ಲೆಕ್ಕವೂ ಬೇರೆ. ಸಂಬಳವಿಲ್ಲ, ಪಂದ್ಯಕ್ಕಿಷ್ಟು ಅಂತ ಪರ್ಸ್. ಅದರಲ್ಲಿ ತರಬೇತುದಾರನಿಗೆ ರೂಢಿಯಂತೆ 10 ಪರ್ಸೆಂಟ್, ಮ್ಯಾನೇಜರನ ಪಾಲು ಬೇರೆ, ಜೊತೆಗೆ ರೌಂಡುಗಳ ನಡುವೆ ಗಾಯದ ರಕ್ತ ನಿಲ್ಲಿಸುವ ಕಟ್‌ಮ್ಯಾನ್. ಪಂದ್ಯ ರದ್ದಾದರೆ ತಿಂಗಳುಗಟ್ಟಲೆ ಮಾಡಿದ ತಯಾರಿಗೆ ಸಾಮಾನ್ಯವಾಗಿ ಏನೂ ಇಲ್ಲ.

ಇವುಗಳಲ್ಲಿ ಒಂದನ್ನೂ ಈ ಕೋರ್ಸ್ ಮುಟ್ಟುವುದಿಲ್ಲ. ಆರು ರೌಂಡ್ ಸ್ಪಾರಿಂಗ್ ಮಾಡಲು ಒಂದೇ ತೂಕದ ಇಬ್ಬರು ಮೂವರು ಅನುಭವಿಗಳು ಬೇಕು, ಒಬ್ಬ ದಣಿದಾಗ ಇನ್ನೊಬ್ಬ ಒಳಗೆ ಬರಬೇಕು. ಇಲ್ಲಿ ಹಾಗೆ ಸಿಗುವುದು ಕಷ್ಟ. ಇದು ಕೋಚ್ ತಪ್ಪಲ್ಲ, ಊರಿನ ಅಳತೆ. ಹುಡುಗನಿಗೆ ನಿಜವಾಗಿ ಹಂಬಲವಿದ್ದರೆ ಜಿಲ್ಲೆ, ರಾಜ್ಯ ಮಟ್ಟದ ಅಮೆಚೂರ್ ಪಂದ್ಯಗಳನ್ನು ಇಲ್ಲಿಂದಲೇ ಆಡಲಿ. ಕೋಚ್ ಅಷ್ಟು ತಯಾರು ಮಾಡಬಲ್ಲರು. ಅಲ್ಲಿ ಗೆಲ್ಲತೊಡಗಿದ ಮೇಲೆ ಬೆಂಗಳೂರೋ, ಸೇನೆಯ ಕ್ರೀಡಾ ಭರ್ತಿಯೋ ನೋಡಬಹುದು.

ಕೋರ್ಸಿನ ಒಂದು ಭಾಗವನ್ನು ಮಾತ್ರ ಜೋರಾಗಿಯೇ ಹೇಳಬೇಕು. ತೂಕ ಇಳಿಸಲು ಪ್ಲಾಸ್ಟಿಕ್ ಜಾಕೆಟ್ ತೊಡಿಸಿ, ಶಟರ್ ಎಳೆದು ಸ್ಕಿಪ್ಪಿಂಗ್ ಮಾಡಿಸುತ್ತಾರೆ. ಇಳಿಯುವುದು ಕೊಬ್ಬಲ್ಲ, ನೀರು. ಬೆವರು ಆರದೆ ಮೈಶಾಖ ಏರುತ್ತದೆ, ರಕ್ತ ಗಟ್ಟಿಯಾಗಿ ಹೃದಯಕ್ಕೂ ಮೂತ್ರಪಿಂಡಕ್ಕೂ ಹೊರೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುವಾಗಲೇ ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಪ್ರೊಗಳಿಗೆ ತೂಕ ನೋಡುವುದು ಹಿಂದಿನ ದಿನ, ನೀರು ಕುಡಿದು ಚೇತರಿಸಲು ಒಂದು ರಾತ್ರಿ ಸಿಗುತ್ತದೆ. ಅಮೆಚೂರ್‌ನಲ್ಲಿ ಪಂದ್ಯದ ದಿನವೇ ಬೆಳಿಗ್ಗೆ ತೂಗುತ್ತಾರೆ, ಗೆದ್ದರೆ ಮುಂದಿನ ಪಂದ್ಯದ ಬೆಳಿಗ್ಗೆ ಮತ್ತೆ. ಅಮೆಚೂರ್ ಹುಡುಗನಿಗೆ ಪ್ರೊ ಪದ್ಧತಿ ಮಾಡಿಸುವುದು ಎರಡು ಸಲ ತಪ್ಪು. ವಾರಕ್ಕೆ ಅರ್ಧ ಕಿಲೋದಂತೆ ಊಟದಲ್ಲಿ ಇಳಿಸಿ, ಆಗದಿದ್ದರೆ ಮೇಲಿನ ತೂಕದಲ್ಲಿ ಆಡಿಸಿ.

ಸೇರುವವರಿಗೆ: ಬೆಳಗಿನ ಬ್ಯಾಚ್ ಸಂಜೆಯದಕ್ಕಿಂತ ಖಾಲಿ, ಪ್ಯಾಡ್ ಸರದಿ ಬೇಗ ಬರುತ್ತದೆ. ಮೌತ್‌ಗಾರ್ಡ್ ಮೊದಲ ತಿಂಗಳಲ್ಲೇ ಕೊಂಡು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಕಚ್ಚಿ, ನಾಲಿಗೆಯಿಂದ ಒಳಕ್ಕೆ ಒತ್ತಿ, ತಣ್ಣೀರಿಗೆ ಹಾಕಿ. ಬಾಯಿ ತೆರೆದಾಗ ಬಿದ್ದರೆ ಮತ್ತೆ ಮಾಡಿ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಜಾಗವಿಲ್ಲ, ತೊಟ್ಟುಕೊಂಡೇ ಬರಬೇಕು. ಫೀಸಿಗೆ ರಸೀದಿ ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಇಲ್ಲ.