ಶಾಂಪೇನ್ ಬಾಟಲಿಯೋ, ಇವ್ರೆಸ್ ಬಾಟಲಿಯೋ: ನಿಂತುಹೋದ ಸೆಂಟಿಗೆ ಮುಂಬೈಯಲ್ಲಿ ದುಡ್ಡು ಸುರಿಯುವ ಮುನ್ನ

ಇವ್ರೆಸ್ ಎಂದು ಅಚ್ಚಾದ, ಪೆಟ್ಟಿಗೆ ಸಮೇತದ ಸ್ಪ್ರೇ ಬಾಟಲಿ ಸಿಕ್ಕರೆ ಅದನ್ನೇ ಕೊಳ್ಳಿ. ಅದೇ ಸೆಂಟಿನ ಮೇಲೆ ಶಾಂಪೇನ್ ಎಂಬ ಮೊದಲಿನ ಹೆಸರಿರುವ ಬಾಟಲಿ ಶೋಕೇಸಿನಲ್ಲಿ ಇಡುವವರಿಗೆ. ಅಲ್ಲಿ ಹೆಚ್ಚು ತೆರುವುದು ಹೆಸರಿಗೆ, ಒಳಗಿನ ಪರಿಮಳಕ್ಕಲ್ಲ.

ಫ್ರಾನ್ಸಿನ ಫ್ಯಾಷನ್ ಸಂಸ್ಥೆ ಈವ್ ಸ್ಯಾಂ ಲೋರಾನ್ 1993ರಲ್ಲಿ ಈ ಸೆಂಟನ್ನು ಶಾಂಪೇನ್ ಹೆಸರಲ್ಲೇ ಹೊರತಂದಿತು. ರೂಪಿಸಿದವರು ಸೋಫಿಯಾ ಗ್ರೋಜ್ಮನ್. ಆ ಹೆಸರು ತಮ್ಮ ಮದ್ಯಕ್ಕಷ್ಟೇ ಸಲ್ಲಬೇಕೆಂದು ಶಾಂಪೇನ್ ಮದ್ಯದ ಉತ್ಪಾದಕರು ಪ್ಯಾರಿಸ್ಸಿನ ಕೋರ್ಟಿಗೆ ಹೋಗಿ ಅದೇ ವರ್ಷ ಗೆದ್ದರು. ಫ್ರಾನ್ಸಿನಲ್ಲಿ ಹೆಸರು ಬಿಡಬೇಕಾಯಿತು, ಮುಂದೆ ಇವ್ರೆಸ್ ಆಯಿತು. ಬಿರಡೆಯಾಕಾರದ ಬಾಟಲಿ, ಅದರ ಮೇಲಿನ ಚಿನ್ನದ ಬಣ್ಣದ ತಂತಿ ಮಾತ್ರ ಉಳಿದುಕೊಂಡವು.

ಹಾಕಿದ ಕೂಡಲೇ ನೆಕ್ಟರಿನ್, ಪೀಚ್, ಸ್ವಲ್ಪ ಸೋಂಪು, ಪುದೀನದ ತಂಪು. ನಡುವೆ ಗುಲಾಬಿ. ಗಂಟೆ ಕಳೆದ ಮೇಲೆ ಪಚೌಲಿ ಎಲೆ, ಲಾವಂಚ, ಓಕ್‌ಮಾಸ್. ಈ ಓಕ್‌ಮಾಸ್ ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ, ಅಂದರೆ ಇಲ್ಲಿನ ಅಂಗಡಿಯವರು ದಗಡ್‌ಫೂಲ್ ಎನ್ನುವುದರ, ಹತ್ತಿರದ ನೆಂಟ. ಹಣ್ಣಿನ ಸಿಹಿ ಅತಿಯಾಗದಂತೆ ಹಿಡಿದಿಡುವುದು ಇದೇ ಒಗರು.

ತಂಟೆ ಇರುವುದು ಮೊದಲ ಹತ್ತು ನಿಮಿಷದಲ್ಲಿ. ಶಾಖ, ಗಾಳಿ ತಗುಲಿದರೆ ಮೊದಲು ಕೆಡುವುದು ನಿಂಬೆ, ಕಿತ್ತಳೆ ಜಾತಿಯ ಸಿಟ್ರಸ್ ಎಣ್ಣೆಗಳು, ಮುಂಬೈಯಲ್ಲಿ ಎರಡಕ್ಕೂ ಬರವಿಲ್ಲ. ಹಾಗಾಗಿ ಹಳೆಯ ಬಾಟಲಿ ಮೊದಲಿಗೆ ನೇಲ್ ಪಾಲಿಶ್ ಅಥವಾ ಟರ್ಪೆಂಟೈನ್ ವಾಸನೆ ಹೊಡೆಯುತ್ತದೆ. ಅಷ್ಟಕ್ಕೇ ಮೂಗು ಮುರಿಯಬೇಡಿ. ಒಳಗಿನ ನಳಿಕೆಯಲ್ಲಿ ವರ್ಷಗಟ್ಟಲೆ ನಿಂತ ದ್ರವ ಅತಿ ಕೆಟ್ಟದ್ದು. ನಾಲ್ಕೈದು ಸಲ ಟಿಶ್ಯೂ ಮೇಲೆ ಒತ್ತಿ ಅದನ್ನು ಹೊರಹಾಕಿ. ಆಮೇಲೆ ದಪ್ಪ ಕಾಗದದ ಪಟ್ಟಿಗೆ ಒಮ್ಮೆ ಹೊಡೆದು ಇಪ್ಪತ್ತು ನಿಮಿಷ ಬಿಡಿ. ಕೆಟ್ಟ ವಾಸನೆ ಹಾರಿ ಪೀಚ್, ಗುಲಾಬಿ ಎದ್ದುಬಂದರೆ ಹೋಗಿರುವುದು ಮೇಲ್ಪದರ, ಅಂದರೆ ಮೊದಲ ನಿಮಿಷಗಳ ಪರಿಮಳ, ಮಾತ್ರ. ಚೌಕಾಸಿಗೆ ಅದೇ ನೆಪ. ಅರ್ಧ ಗಂಟೆಯಾದರೂ ಹುಳಿ ಅಥವಾ ಕಮಟು ಎಣ್ಣೆಯ ವಾಸನೆ ಉಳಿದಿದ್ದರೆ ವಾಪಸ್ ಕೊಟ್ಟುಬಿಡಿ.

ಬಣ್ಣ ತುಸು ಗಾಢವಾಗಿರುವುದು ಸಹಜ, ಕಾಫಿ ಡಿಕಾಕ್ಷನ್ನಿನಂತಿದ್ದರೆ ಬೇಡ. ಬಳಸದ ಬಾಟಲಿಯಲ್ಲಿ ಮಟ್ಟ ಹೆಗಲಿಗಿಂತ ಕೆಳಗಿದ್ದರೆ ವಾಷರ್ ಒಣಗಿ ಆಲ್ಕೋಹಾಲ್ ಆವಿಯಾಗಿದೆ ಎಂದರ್ಥ. ಉಳಿದದ್ದು ಅಂಟಂಟಾಗಿ ರೇಷ್ಮೆ ಸೀರೆಯ ಮೇಲೆ ಕಲೆ ಬಿಡುತ್ತದೆ. ಸೀರೆಗೆ ಹೇಗೂ ಬೇಡ, ಚರ್ಮಕ್ಕೇ ಹಾಕಿ. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿಗೆ ಪ್ರತಿ ಸಲವೂ ಗಾಳಿ ನುಗ್ಗುತ್ತದೆ, ಸ್ಪ್ರೇ ಮೇಲು ಅನ್ನುವುದು ಅದಕ್ಕೇ.

ಪೆಟ್ಟಿಗೆ ಕೇಳುವುದು ಚಂದಕ್ಕಲ್ಲ. ಅಲರ್ಜಿ ತರಬಲ್ಲ 26 ಘಟಕಗಳ ಹೆಸರನ್ನು ಅಚ್ಚು ಹಾಕಬೇಕೆಂಬ ನಿಯಮ ಯುರೋಪಿನಲ್ಲಿ 2005ರಲ್ಲಿ ಜಾರಿಗೆ ಬಂತು. ಲಿಮೋನೀನ್, ಲಿನಲೂಲ್ ಎಂದು ಉದ್ದನೆಯ ಪಟ್ಟಿಯಿದ್ದರೆ ಅದು ಆ ಕಾಲದ್ದು ಅಥವಾ ಈಚಿನದು. ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು: ಹಳೆಯದರಲ್ಲೇ ಓಕ್‌ಮಾಸ್ ತುಂಬಿಕೊಂಡಿದೆ ಎನ್ನುವುದು ನನ್ನ ಮೂಗಿನ ತೀರ್ಪು.

ಪುಣೆಯಲ್ಲೋ ಗೋವಾದಲ್ಲೋ ಮಾರುವವರಿದ್ದರೆ ಕೈಯಾರೆ ತನ್ನಿ. ಸೆಂಟು ಉರಿಯುವ ದ್ರವ, ವಿಮಾನದಲ್ಲಿ ಹೋಗುವ ಪಾರ್ಸೆಲ್ಲಿಗೆ ಕೊರಿಯರ್‌ನವರು ಸುಲಭಕ್ಕೆ ಒಪ್ಪುವುದಿಲ್ಲ.

ಹೊಸದೇ ಬೇಕೆನ್ನುವವರಿಗೆ ಲಾಂಕೋಮ್‌ನ ಟ್ರೆಜೋರ್ (1990). ಇದೂ ಗ್ರೋಜ್ಮನ್ ಕೈಯದೇ, ಪೀಚು ಗುಲಾಬಿ ಎರಡೂ ಇವೆ. ಒಗರಿಲ್ಲ, ಬರೀ ಪೌಡರಿನ ಸಿಹಿ. ಸಂಜೆಯ ಡೊಂಬಿವಲಿ ಲೋಕಲ್ಲಿನ ಲೇಡೀಸ್ ಡಬ್ಬಾದಲ್ಲಿ ಎರಡು ಸ್ಪ್ರೇ ಕೂಡ ಅಕ್ಕಪಕ್ಕದವರಿಗೆ ಶಿಕ್ಷೆ.

ಗೆರ್ಲೇನ್‌ನ ಮಿಟ್ಸುಕೋ (1919) ಹೆಚ್ಚು ಹತ್ತಿರ: ಪೀಚೂ ಇದೆ, ಓಕ್‌ಮಾಸಿನ ಒಗರೂ ಇದೆ. ಆದರೆ ಒಣ ಮಸಾಲೆಯ ಗಾಂಭೀರ್ಯ ಅದರದು, ಇವ್ರೆಸ್ಸಿನ ಲವಲವಿಕೆ ಇಲ್ಲ. ಹಳೆಯದು ಸಿಗದಿದ್ದರೆ ನನ್ನ ಎರಡನೆಯ ಆಯ್ಕೆ ಇದೇ.

ಮೊಹಮ್ಮದ್ ಅಲಿ ರಸ್ತೆಯಲ್ಲಿ ಗುಲಾಬಿ ಅತ್ತರು ಕೊಳ್ಳಿ, ಇವ್ರೆಸ್ಸಿನ ನಕಲು ಕೇಳಬೇಡಿ.

ನಾನು ಸೆಂಟು ಹಾಕುವುದು ಮದುವೆಗೆ, ಮಾಟುಂಗದ ಕಾರ್ಯಕ್ರಮಗಳಿಗೆ ಮಾತ್ರ. ಒಂದು ಸ್ಪ್ರೇಗೆ ಸುಮಾರು 0.1 ಮಿ.ಲೀ. ಎಂದರೆ 50 ಮಿ.ಲೀ. ಬಾಟಲಿಯಲ್ಲಿ ಐನೂರು ಸ್ಪ್ರೇ. ಮೇಲ್ಪದರ ಹೋದ ಅಗ್ಗದ ಬಾಟಲಿಯೇ ಸಾಕು. ದಿನವೂ ಹಾಕುವವರು ಈ ಲೆಕ್ಕ ನೆಚ್ಚಬೇಡಿ, ಮುಗಿದರೆ ಇನ್ನೊಂದು ಸಿಗುವುದು ಕಷ್ಟ. ಬಚ್ಚಲಿನ ಶೆಲ್ಫಂತೂ ಬೇಡ. ಪೆಟ್ಟಿಗೆಯೊಳಗಿಟ್ಟು, ಬಿಸಿಲು ತಾಗದ ಗೋಡೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ನೆಟ್ಟಗೆ ನಿಲ್ಲಿಸಿ.