ಗಾರ್ಡ್‌ಡ್ಯೂಟಿಯೋ, ವಾಜೂವೋ: ಕ್ಲೌಡ್ ಸರ್ವರಿಗೆ ಯಾವ ಕಾವಲು?

ಬೈಕಂಪಾಡಿಯ ಒಂದು ಗೇರುಬೀಜದ ಫ್ಯಾಕ್ಟರಿ, ಮಲ್ಪೆಯ ಒಂದು ಐಸ್ ಪ್ಲಾಂಟ್. ಇಬ್ಬರ ಸಾಫ್ಟ್‌ವೇರೂ ಅಮೆಜಾನ್ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿ, ಅಂದರೆ ಅಲ್ಲಿನ ಡೇಟಾ ಸೆಂಟರ್ ಗುಂಪಿನಲ್ಲಿ, ಉಂಟು. ನೋಡಿಕೊಳ್ಳುವುದು ಬಿಜೈಯಲ್ಲಿ ಕೂತ ನಾವು ನಾಲ್ಕೈದು ಜನ. ರಾತ್ರಿ ಪಾಳಿಗೆ ಯಾರೂ ಇಲ್ಲ. ಹಾಗಾಗಿ ಒಂದು ಟೆಸ್ಟ್ ಸರ್ವರಿಗೆ, ನುಸುಳುಕೋರರನ್ನು ಪತ್ತೆಹಚ್ಚಿ ಎಚ್ಚರಿಸುವ ಅಮೆಜಾನ್‌ನದೇ ಗಾರ್ಡ್‌ಡ್ಯೂಟಿ, ಅದೇ ಕೆಲಸದ ಓಪನ್ ಸೋರ್ಸ್ ಸಾಫ್ಟ್‌ವೇರ್ ವಾಜೂ ಎರಡನ್ನೂ ಹಾಕಿ, ನಾವೇ ಕಳ್ಳರಾಗಿ ನುಗ್ಗಿ ನೋಡಿದೆವು.

ಗಾರ್ಡ್‌ಡ್ಯೂಟಿಗೆ ಬಟನ್ ಒತ್ತಿದರೆ ಆಯಿತು, ಮೊದಲ 30 ದಿನ ಪುಕ್ಕಟೆ. ಆದರೆ ಪ್ರತಿ ರೀಜನ್‌ಗೂ ಬೇರೆಬೇರೆ ಒತ್ತಬೇಕು. ನಾವು ಕಣ್ಣೆತ್ತಿಯೂ ನೋಡದ ರೀಜನ್‌ನಲ್ಲೇ ಕಳ್ಳರು ಕ್ರಿಪ್ಟೋ ಮೈನಿಂಗ್ ಮಷೀನ್ ಎಬ್ಬಿಸುವುದು, ಅದಕ್ಕೆ ಹೇಳಿದೆ. ವಾಜೂಗೆ ಲೈಸೆನ್ಸ್ ಖರ್ಚಿಲ್ಲ, ಆದರೆ 8 ಜಿಬಿ ರ‍್ಯಾಮ್‌ನ ಒಂದು ಮಷೀನ್ ಬೇಕು, ಪ್ರತಿ ಸರ್ವರಿನಲ್ಲೂ ಏಜೆಂಟ್ ಎಂಬ ಅದರ ಚಿಕ್ಕ ಪ್ರೋಗ್ರಾಂ ಕೂರಿಸಬೇಕು. ಆ ಮಷೀನನ್ನು ಆಫೀಸಿನಲ್ಲೇ ಇಟ್ಟಿದ್ದೆವು. ಜುಲೈ ಮಳೆಗೆ ಕರೆಂಟ್ ಹೋದರೆ ಕಾವಲೂ ಬಂದ್.

ಸರ್ವರಿಗೆ ಕೊಟ್ಟಿದ್ದ ರೋಲ್‌ನ (ಅಕೌಂಟಿನಲ್ಲಿ ಏನೇನು ಮಾಡಬಹುದೆಂಬ ಅನುಮತಿ) ತಾತ್ಕಾಲಿಕ ಕೀಗಳನ್ನು ನನ್ನ ಲ್ಯಾಪ್‌ಟಾಪಿಗೆ ಕಾಪಿ ಮಾಡಿ ಇಲ್ಲಿಂದಲೇ ಬಳಸಿದೆ. ಗಾರ್ಡ್‌ಡ್ಯೂಟಿ ಹಿಡಿಯಿತು, ತೀವ್ರತೆ 'ಹೈ'. ವಾಜೂ ಸುಮ್ಮನಿತ್ತು. ಕ್ಲೌಡ್‌ಟ್ರೇಲ್ ಲಾಗ್ (ಅಕೌಂಟಿನಲ್ಲಿ ಯಾರು ಏನು ಮಾಡಿದರೆಂಬ ಅಮೆಜಾನ್‌ನ ದಾಖಲೆ) ಜೋಡಿಸಿರದಿದ್ದರೆ ಅದಕ್ಕೆ ಅಕೌಂಟಿನ ವ್ಯವಹಾರ ಕಾಣುವುದಿಲ್ಲ.

ಆಮೇಲೆ ಕಳ್ಳರು ಮಾಡುವಂತೆ, ಅಪ್‌ಲೋಡ್ ಫೋಲ್ಡರಿನಲ್ಲಿ ಸರ್ವರಿನಲ್ಲಿ ಓಡಬಲ್ಲ ಕೋಡ್ ಇರುವ ಒಂದು ಪಿಎಚ್‌ಪಿ ಫೈಲ್ ಇಟ್ಟೆ. ಈ ಸಲ ಗಾರ್ಡ್‌ಡ್ಯೂಟಿ ಗಪ್‌ಚಿಪ್. ಆ ಫೋಲ್ಡರಿಗೆ ರಿಯಲ್‌ಟೈಮ್ ನಿಗಾ ಹಾಕಿದ್ದರಿಂದ ವಾಜೂ ತಕ್ಷಣ ಕಂಡಿತು. ಇಲ್ಲದಿದ್ದರೆ 12 ಗಂಟೆಗೊಮ್ಮೆ ಮಾತ್ರ ಸ್ಕ್ಯಾನ್. ಕಂಡರೂ ನನಗೆ ಮೇಲ್ ಬರಲಿಲ್ಲ ಮಾರಾಯ್ರೆ! ಹೊಸ ಫೈಲ್ ಬಂದದ್ದಕ್ಕೆ ವಾಜೂ ಕೊಡುವ ತೀವ್ರತೆಯ ಲೆವೆಲ್ ಬರೀ 5, ಮೇಲ್ ಹೋಗುವುದು 12ರಿಂದ ಮೇಲಿನದಕ್ಕೆ. ಇಲ್ಲದ ಯೂಸರ್ ಹೆಸರಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ದಾರಿ) ಬಾಗಿಲು ಬಡಿಯುವವರಿಗೂ ಅದೇ 5. ಅಂಥವರು ದಿನವಿಡೀ ಬರುತ್ತಾರೆ, ಆ ರಾಶಿಯಡಿ ನನ್ನ ಫೈಲ್ ಹೂತುಹೋಗಿತ್ತು. ಪಿಎಚ್‌ಪಿ ಫೈಲಿಗೆಂದೇ ಬೇರೆ ರೂಲ್ ಬರೆದು ಲೆವೆಲ್ ಏರಿಸಬೇಕಾಯಿತು. ವಾಜೂವಿನ ನಿಜವಾದ ಬೆಲೆ ಈ ಕೂತು ಬರೆಯುವ ಹೊತ್ತೇ.

ಗಾರ್ಡ್‌ಡ್ಯೂಟಿಗೂ ಒಂದು ಕುರುಡು ಮೂಲೆ ಉಂಟು. ಪರೀಕ್ಷೆಗೆಂದೇ ಅಮೆಜಾನ್ ಇಟ್ಟಿರುವ ಡೊಮೇನಿನ ವಿಳಾಸವನ್ನು ಸರ್ವರಿನಿಂದ ಕೇಳಿದಾಗ ಎಚ್ಚರಿಸಿತು. ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅನ್ನು ಗೂಗಲ್‌ನ 8.8.8.8ಕ್ಕೆ ತಿರುಗಿಸಿ ಅದನ್ನೇ ಕೇಳಿದರೆ ಸದ್ದಿಲ್ಲ. ಅಮೆಜಾನ್‌ನ ರಿಸಾಲ್ವರ್ (ಡಿಎನ್‌ಎಸ್ ಸರ್ವರ್) ಮೂಲಕ ಹೋದ ಪ್ರಶ್ನೆ ಮಾತ್ರ ಅದಕ್ಕೆ ಗೊತ್ತು.

ಲಾಗ್ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ 180 ದಿನದ ಲಾಗ್ ಇಡಬೇಕು, ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಕೊಡಬೇಕು. ಗಾರ್ಡ್‌ಡ್ಯೂಟಿಯಲ್ಲಿ ಎಚ್ಚರಿಕೆಗಳು ಉಳಿಯುವುದು 90 ದಿನ. ಹಾಗಾಗಿ ಅಮೆಜಾನ್‌ನ ಫೈಲ್ ಸಂಗ್ರಹ ಸೇವೆ ಎಸ್3ಗೆ ಎಕ್ಸ್‌ಪೋರ್ಟ್ ಹಾಕಿಬಿಡಿ.

ಕಡೆಗೆ ಎರಡೂ ಕಡೆ ಗಾರ್ಡ್‌ಡ್ಯೂಟಿ ಹಾಕಿದೆವು. ಗ್ರಾಹಕರು ಫೈಲ್ ಅಪ್‌ಲೋಡ್ ಮಾಡುವುದು ಗೇರುಬೀಜದವರ ಸರ್ವರಿಗೆ ಮಾತ್ರ, ಹಾಗಾಗಿ ವಾಜೂ ಅಲ್ಲಿಗಷ್ಟೇ. ಅದರ ಮಷೀನನ್ನು ಕ್ಲೌಡಿಗೇ ಸಾಗಿಸಿದ್ದೇವೆ.