ಒರಾಕಲ್ 19ಸಿಗೆ ಹೋಗುವ ಮುನ್ನ: ಟಾಮ್‌ಕ್ಯಾಟ್ ಬಳಸುತ್ತಿರುವ ಡ್ರೈವರ್ ಯಾವುದೆಂದು ನೋಡಿಕೊಳ್ಳಿ

ಜಾವಾ ವೆಬ್ ಅಪ್ಲಿಕೇಶನ್‌ಗಳ ಸರ್ವರ್ ಆದ ಟಾಮ್‌ಕ್ಯಾಟ್ ಮೇಲೆ ಅಪ್ಲಿಕೇಶನ್ ನಡೆಸುತ್ತ ಒರಾಕಲ್ ಡೇಟಾಬೇಸನ್ನು 19ಸಿಗೆ ಏರಿಸಲು ಹೊರಟಿರುವವರು, ಜೆಡಿಬಿಸಿ ಡ್ರೈವರ್ (ಜಾವಾ ಅಪ್ಲಿಕೇಶನನ್ನು ಡೇಟಾಬೇಸ್‌ಗೆ ಜೋಡಿಸುವ ತಂತ್ರಾಂಶ) ಸರಿಯಾಗಿದೆ ಎಂದು ಯಾರಾದರೂ ಬರೆದುಕೊಟ್ಟ ಮಾತ್ರಕ್ಕೆ ನೆಚ್ಚಿಕೊಳ್ಳಬೇಡಿ. ನಮ್ಮಲ್ಲಿ ನಿರ್ವಹಣೆಯ ಗುತ್ತಿಗೆ ಹಿಡಿದಿದ್ದ ಸಂಸ್ಥೆ ಹಾಗೆಯೇ ಬರೆದುಕೊಟ್ಟಿತ್ತು. ಅಪ್‌ಗ್ರೇಡ್ ಮುಗಿಸಿ ಸರ್ವರ್ ಚಾಲೂ ಮಾಡಿದರೆ ಲಾಗ್ ತುಂಬ ಒಆರ್‌ಎ-28040 (ಲಾಗಿನ್ ವಿಧಾನ ಹೊಂದಿಕೆಯಾಗುತ್ತಿಲ್ಲ) ಎಂಬ ಒಂದೇ ದೋಷ.

ಅವರು ತೆರೆದು ನೋಡಿದ್ದು ಅಪ್ಲಿಕೇಶನ್‌ನ ವೆಬ್-ಇನ್ಫ್ ಒಳಗಿನ ಲಿಬ್ ಫೋಲ್ಡರನ್ನು ಮಾತ್ರ. ಅಲ್ಲಿದ್ದ ಡ್ರೈವರ್ ಕಡತ ಓಜೆಡಿಬಿಸಿ8 ಹೊಸದೇ ಆಗಿತ್ತು. ಆದರೆ ನಮ್ಮ ಕನೆಕ್ಷನ್ ಪೂಲ್ (ಮೊದಲೇ ತೆರೆದಿಟ್ಟ ಡೇಟಾಬೇಸ್ ಸಂಪರ್ಕಗಳ ಸಂಗ್ರಹ) ಜೆಎನ್‌ಡಿಐ ಎಂಬ ಹೆಸರು-ಹುಡುಕು ವ್ಯವಸ್ಥೆಯ ಮೂಲಕ ಟಾಮ್‌ಕ್ಯಾಟ್‌ನದ್ದೇ ಆಗಿದ್ದುದರಿಂದ, ಅದು ಡ್ರೈವರನ್ನು ಮೊದಲು ಹುಡುಕುವುದು ಟಾಮ್‌ಕ್ಯಾಟ್‌ನ ಸ್ವಂತ ಲಿಬ್‌ನಲ್ಲಿ. ಅಲ್ಲಿ 11.2.0.1 ಆವೃತ್ತಿಯ ಹಳೆಯ ಕಡತ ‘ಓಜೆಡಿಬಿಸಿ6_ಓಲ್ಡ್.ಜಾರ್’ ಎಂಬ ಹೆಸರಿನಲ್ಲಿ ಕುಳಿತಿತ್ತು. ಓಲ್ಡ್ ಎಂದು ಹೆಸರು ಬದಲಿಸಿದವರಿಗೆ ಅದು ಬಳಕೆಯಿಂದ ಹೋಯಿತೆಂಬ ನಂಬಿಕೆ ಇದ್ದಿರಬೇಕು. ಟಾಮ್‌ಕ್ಯಾಟ್ ಮಾತ್ರ ಜಾರ್ ಎಂದು ಕೊನೆಗೊಳ್ಳುವ ಪ್ರತಿಯೊಂದನ್ನೂ ಓದುತ್ತದೆ. ಅಷ್ಟು ಹಳೆಯ ಡ್ರೈವರ್‌ನ ಲಾಗಿನ್ ವಿಧಾನವನ್ನು 19ಸಿ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಒಪ್ಪುವುದಿಲ್ಲ.

ಇದಕ್ಕಿಂತ ಬೇಸರ ತಂದದ್ದು ಅವರು ಸೂಚಿಸಿದ ಪರಿಹಾರ: ಡೇಟಾಬೇಸ್ ಸರ್ವರ್‌ನ ಎಸ್‌ಕ್ಯೂಎಲ್‌ನೆಟ್.ಓರಾ ಕಡತದಲ್ಲಿ ಅನುಮತಿಸುವ ಲಾಗಿನ್ ಆವೃತ್ತಿಯನ್ನು 8ಕ್ಕೆ ಇಳಿಸುವುದು. ಒಂದು ಹಳೆಯ ಜಾರ್‌ಗೋಸ್ಕರ ಆ ಡೇಟಾಬೇಸ್‌ಗೆ ಬರುವ ಎಲ್ಲರಿಗೂ ದುರ್ಬಲ ಲಾಗಿನ್‌ನ ಬಾಗಿಲು ತೆರೆದಿಡುವ ಈ ಸಲಹೆ ಯಾರಿಂದ ಬಂದರೂ ನಿರಾಕರಿಸಿ.

ಓಜೆಡಿಬಿಸಿ8ರಲ್ಲಿನ 8 ಜಾವಾ ಆವೃತ್ತಿಯೇ ಹೊರತು ಡ್ರೈವರ್‌ನದ್ದಲ್ಲ. ‘ಜಾವಾ -ಜಾರ್’ ಆದೇಶದಿಂದ ಆ ಕಡತವನ್ನು ನಡೆಸಿದರೆ ನಿಜವಾದ ಆವೃತ್ತಿ ತೆರೆಯ ಮೇಲೆ ಬರುತ್ತದೆಯಾದರೂ, ಅದು ಕೈಯಲ್ಲಿರುವ ಕಡತದ ಮಾತಾಯಿತೇ ವಿನಾ ಸರ್ವರ್ ಯಾವುದನ್ನು ಲೋಡ್ ಮಾಡಿದೆ ಎಂಬುದು ಅದರಿಂದ ತಿಳಿಯದು. ಅಪ್ಲಿಕೇಶನ್ ಬಳಸುವ ಅದೇ ಡೇಟಾಸೋರ್ಸ್‌ನಿಂದ (ಪೂಲ್‌ನ ಕನೆಕ್ಷನ್ ಕೊಡುವ ಆಬ್ಜೆಕ್ಟ್) ಒಂದು ಕನೆಕ್ಷನ್ ಪಡೆದು, ಅದರ ಮೆಟಾಡೇಟಾದ ಗೆಟ್‌ಡ್ರೈವರ್‌ವರ್ಷನ್ ಕೊಡುವ ಉತ್ತರವನ್ನು ಲಾಗ್‌ಗೆ ಬರೆಸಿ. ಲಿನಕ್ಸ್‌ನಲ್ಲಾದರೆ ಟಾಮ್‌ಕ್ಯಾಟ್ ಪ್ರಕ್ರಿಯೆಯ ಮೇಲೆ ಎಲ್‌ಎಸ್‌ಒಎಫ್ ಆದೇಶ ನಡೆಸಿ, ಅದು ತೆರೆದಿಟ್ಟುಕೊಂಡಿರುವ ಜಾರ್‌ಗಳ ಪೂರ್ಣ ವಿಳಾಸ ನೋಡಬಹುದು. ಕ್ಯಾಟಲಿನಾ ಹೋಮ್ (ಟಾಮ್‌ಕ್ಯಾಟ್ ಅಳವಡಿಸಿದ ಜಾಗ) ಮತ್ತು ಕ್ಯಾಟಲಿನಾ ಬೇಸ್ (ಆಯಾ ಸರ್ವರ್‌ನ ಸ್ವಂತ ಸೆಟ್ಟಿಂಗ್‌ಗಳ ಜಾಗ) ಬೇರೆ ಬೇರೆ ಇರುವಲ್ಲಿ ಎರಡರ ಲಿಬ್ ಫೋಲ್ಡರನ್ನೂ ನೋಡಬೇಕು.

ಹಳೆಯ ಜಾರನ್ನು ಲಿಬ್‌ನಿಂದ ಪೂರ್ತಿ ಹೊರಗೆ ಸಾಗಿಸಿ, ಹೊಸದನ್ನು ಅಲ್ಲಿಟ್ಟು, ವೆಬ್-ಇನ್ಫ್‌ನಲ್ಲಿದ್ದ ಪ್ರತಿಯನ್ನೂ ಅಳಿಸಿ. ಎರಡೂ ಕಡೆ ಒಂದೇ ಆವೃತ್ತಿ ಇದ್ದರೂ ಕ್ಲಾಸ್‌ಲೋಡರ್‌ಗಳು (ಜಾವಾ ಕೋಡನ್ನು ಲೋಡ್ ಮಾಡುವ ಭಾಗಗಳು) ಬೇರೆಯಾದ್ದರಿಂದ, ಪೂಲ್‌ನ ಕನೆಕ್ಷನನ್ನು ಡ್ರೈವರ್‌ನ ಒರಾಕಲ್‌ಕನೆಕ್ಷನ್ ಆಗಿ ಬಳಸುವ ಕೋಡ್ ಕ್ಲಾಸ್‌ಕಾಸ್ಟ್ (ವಿಧ ಹೊಂದದ) ದೋಷ ಕೊಟ್ಟು ನಿಲ್ಲುತ್ತದೆ.